ಐದನೇ ತಿಂಗಳ ತೂಕ

ಅತ್ತೆಯವರಿಗೆ ನಮಸ್ಕಾರ.

ಎಂಬಿಎ ಸೀಟು ಸಿಕ್ಕಿತು, ಮೊದಲು ಅದನ್ನೇ ಬರೆಯುತ್ತೇನೆ. ಪಾಪುವಿನ ಲಸಿಕೆ ಫೈಲಿಗಾಗಿ ಬೀರು ತಡಕಬೇಡಿ. ಎರಡು ಫೈಲೂ ನೀಲಿಯಲ್ಲವೇ, ನನ್ನ ಸರ್ಟಿಫಿಕೇಟುಗಳೆಂದು ಅದನ್ನೇ ಎತ್ತಿಕೊಂಡು ಬಂದೆ. ಸಂದರ್ಶನದಲ್ಲಿ ಪ್ರೊಫೆಸರ್ ಅದನ್ನು ತೆರೆದಾಗಲೇ ನನಗೆ ಗೊತ್ತಾದದ್ದು.

"ಆರು ವರ್ಷ ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡಿದೋರಿಗೆ ಕಂಪನಿ ನಡೆಸೋದು ಹೇಗಮ್ಮ ಗೊತ್ತಾಗುತ್ತೆ?" ಎನ್ನುತ್ತಿದ್ದವರು ಫೈಲಿನಲ್ಲಿದ್ದ ಪಾಪುವಿನ ತೂಕದ ಗೆರೆಯ ಮೇಲೆ ಬೆರಳಿಟ್ಟು, "ಐದನೇ ತಿಂಗಳಲ್ಲಿ ಯಾಕೆ ಇಳೀತು, ಆಮೇಲೆ ಹೇಗೆ ಏರ್ತು, ಅದನ್ನೇ ಹೇಳಿ" ಎಂದರು. ನಾನು ಕೆಲಸಕ್ಕೆ ಮರಳಿದ್ದು, ನೀವು ನಾಲ್ಕು ದಿನ ಪಾಪು ಕುಡಿದದ್ದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದು, ಮಧ್ಯಾಹ್ನದ ಹಾಲು ಉಳಿಯುತ್ತಿದೆಯೆಂದು ಕಂಡುಹಿಡಿದು ಹೊತ್ತು ಬದಲಿಸಿದ್ದು, ಎಲ್ಲ ಹೇಳಿದೆ.

"ಹಾಗಾದ್ರೆ ಸೀಟು ನಿಮ್ಮತ್ತೆಗೇ ಕೊಡ್ಬೇಕಲ್ಲ?" ಎಂದು ಪಕ್ಕದ ಮೇಡಂ ನಕ್ಕರು.

"ಕೊಡಿ ಮೇಡಂ, ಆದ್ರೆ ಅವರು ನಿಮಗೇ ಪಾಠ ಹೇಳ್ತಾರೆ" ಎಂದೆ.

ಸಂಜೆ ಸೂಚನಾ ಫಲಕದಲ್ಲಿ ನನ್ನ ಹೆಸರಿತ್ತು. ಸರ್ಟಿಫಿಕೇಟು ತೋರಿಸಲು ಒಂದು ತಿಂಗಳು ಕೊಟ್ಟಿದ್ದಾರೆ. ಆರೋಗ್ಯವಾಗಿದ್ದೇನೆ, ನಿದ್ದೆಯೊಂದಿಲ್ಲ. ಪಾಪು ಪಕ್ಕದಲ್ಲಿಲ್ಲದಿದ್ದರೂ ಅತ್ತಂತಾಗಿ ಮೂರು ಸಲ ಎದ್ದು ಕೂತೆ.

ಇನ್ನೊಂದು ಮಾತು. ಓದುವಾಗ ಮಗು ಯಾರ ಹತ್ತಿರ ಎಂದು ಕೇಳಿದರು. "ಅತ್ತೆ ನಮ್ಮ ಜೊತೇಲೇ ಬರ್ತಾರೆ" ಎಂದುಬಿಟ್ಟೆ, ನಿಮ್ಮನ್ನು ಒಂದು ಮಾತೂ ಕೇಳದೆ. ಓದಲು ಬರುವ ಸಂಸಾರಸ್ಥರಿಗೆ ಕಾಲೇಜಿನವರೇ ಎರಡು ಕೋಣೆಯ ಮನೆ ಕೊಡುತ್ತಾರೆ. ಅಡುಗೆಮನೆಗೆ ಬೆಳಕು ಚೆನ್ನಾಗಿ ಬೀಳುತ್ತದೆ, ಇಣುಕಿ ನೋಡಿ ಬಂದೆ. ಬೈಯುವುದಿದ್ದರೆ ನಾನು ಊರಿಗೆ ಬಂದಾಗ ಹೊಟ್ಟೆತುಂಬ ಬೈಯಿರಿ. ಒಲ್ಲೆ ಎಂದು ಮಾತ್ರ ಅನ್ನಬೇಡಿ.

ಕಾರ್ಡಿನಲ್ಲಿ ಜಾಗವಿಲ್ಲ.

ನಿಮ್ಮ ಸೊಸೆ