ನವಮಿಯ ಎರಡು ದಿನ

ಹಂಪಿ,
ಈಶ್ವರ ಸಂವತ್ಸರ, ಪುಷ್ಯ ಬಹುಳ ಪಂಚಮಿ, ಶುಕ್ರವಾರ
೨೧ನೆಯ ಜನವರಿ ೧೯೩೮

ಪ್ರೀತಿಯ ತಮ್ಮ ವ್ಯಾಸರಾಜನಿಗೆ,

ಯಂತ್ರೋದ್ಧಾರಕ ಪ್ರಾಣದೇವರ ರಕ್ಷೆ ನಿನ್ನ ಮೇಲಿರಲಿ. ಆ ಬೆಟ್ಟದ ಮೇಲಿನ ಚಳಿಗೆ ನಿನ್ನ ಎದೆಯ ಕೆಮ್ಮು ಹೇಗಿದೆ? ನಕ್ಷತ್ರ ನೋಡುವ ವೇಧಶಾಲೆಯ ಕೆಲಸವೆಂದು ರಾತ್ರಿಯೆಲ್ಲ ಬರಿದಲೆಯಲ್ಲಿ ನಿಲ್ಲಬೇಡ. ಚಿಕ್ಕಂದಿನಿಂದಲೂ ಶೀತವು ನಿನ್ನ ಕಿವಿಯ ಮೂಲಕವೇ ಒಳಹೊಕ್ಕದ್ದು. ನನ್ನ ದೇಹಸ್ಥಿತಿ ವಯಸ್ಸಿಗೆ ತಕ್ಕಂತಿದೆ. ಅಕ್ಷರಗಳು ಈ ಬಾರಿ ದಪ್ಪವಾಗಿಯೂ ಸೊಟ್ಟವಾಗಿಯೂ ಬಂದಿದ್ದರೆ ಲೇಖನಿಯ ಮುಳ್ಳು ಸವೆದಿದೆಯೆಂದು ತಿಳಿ. ನಿನ್ನ ಅತ್ತಿಗೆ ಹೋದಮೇಲೆ ಮನೆಯಲ್ಲಿ ಮಾತು ಕಡಿಮೆ. ಮಡಿಯಡುಗೆಗೆ ಬರುವ ಮುದುಕಿಯೂ ಕಿವುಡಿ. ಆದುದರಿಂದ ಸಹಸ್ರನಾಮವನ್ನು ಈಗ ಗಟ್ಟಿಯಾಗಿಯೇ ಹೇಳುತ್ತೇನೆ. ಮನೆಯೊಳಗೆ ಒಂದು ಧ್ವನಿಯಾದರೂ ಇರುತ್ತದೆ.

ಈ ತಿಂಗಳ ಮೊದಲಲ್ಲಿ ಹೊಸಪೇಟೆಗೆ ಹೋಗಿದ್ದಾಗ ವಕೀಲ ಗಾದಿಲಿಂಗಪ್ಪನವರು ಇಂಗ್ಲಿಷ್ ಪತ್ರಿಕೆಯೊಂದನ್ನು ಓದಿ ಹೇಳಿದರು. ಹೋದ ಆಶ್ವೀಜದ ಕಡೆಯಲ್ಲಿ ಒಂದು ಕಿರುಗ್ರಹವು ಭೂಮಿಗೆ ಬಹು ಸಮೀಪದಲ್ಲಿ, ಚಂದ್ರನ ದೂರದ ಎರಡರಷ್ಟೋ ಏನೋ ಅಂತರದಲ್ಲಿ, ಹಾದುಹೋಯಿತಂತೆ. ಅವರು ನಕ್ಕು, "ಆಚಾರ್ರ, ಗುಡ್ಡದಂಥಾ ಕಲ್ಲು ಮಗ್ಗಲಾಗ ಹಾದು ಹೋಗೈತಿ. ನಿಮ್ಮ ಪಂಚಾಂಗದಾಗ ಒಂದು ಸಾಲೂ ಇರಲಿಲ್ಲಲ್ರಿ" ಎಂದರು. ಎರಡು ತಿಂಗಳು ನಿಮ್ಮ ಪತ್ರಿಕೆಯಲ್ಲಿಯೂ ಇರಲಿಲ್ಲವಲ್ಲ ಎಂದು ನಾನೂ ಬಿಡದೆ ಉತ್ತರಿಸಿದೆ. ಆದರೆ ಮನೆಗೆ ಮರಳುವಾಗ ಗಾಡಿಯಲ್ಲಿ ಅದೇ ಯೋಚನೆ. ಸೂರ್ಯಚಂದ್ರರನ್ನು ನಮ್ಮ ಹಿರಿಯರು ಸಾವಿರಾರು ವರ್ಷ ನೋಡಿದ್ದಾರೆ. ಗ್ರಹಣವನ್ನು ವರ್ಷ ಮೊದಲೇ ಬರೆದಿಡುತ್ತೇವೆ. ಇದನ್ನಾದರೋ ಕೆಲವೇ ರಾತ್ರಿ ಕಂಡರು, ಬಳಿಕ ಕಳೆದುಕೊಂಡರು. ಮತ್ತೆ ಎಂದು ಬರುವುದು, ಇನ್ನೂ ಹತ್ತಿರ ಬರುವುದೋ ದೂರವೋ, ಹೇಳಬಲ್ಲವರಿಲ್ಲವಂತೆ.

ಆಗ ನಿನ್ನ ಮಾತು ನೆನಪಾಯಿತು. ಊರು ಬಿಡುವ ಮುನ್ನ ದೇವರಮನೆಯ ಊದಿನಕಡ್ಡಿಯನ್ನು ತೋರಿಸಿ ಹೇಳಿದ್ದೆಯಲ್ಲ, ಅಲ್ಪಕಾಲ ನೋಡಿದ ವೇಧದಿಂದ ಬರೆದ ಪಥವು ಆ ಹೊಗೆಯಂತೆ, ಬುಡದಲ್ಲಿ ದಾರದಷ್ಟು ತೆಳು, ಮೇಲೆ ಹೋದಂತೆಲ್ಲ ಹರಡಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾಗದು ಎಂದು. ಗಣಿತವೆಂದಮೇಲೆ ಒಂದೇ ಉತ್ತರವಿರಬೇಕೆಂದು ನಾನು ಗದರಿಸಿದ್ದೆ. ಆಕಾಶ ನೋಡಿ ಪಂಚಾಂಗವನ್ನು ತಿದ್ದಬೇಕೆಂಬ ನಿನ್ನ ಹಠವೂ ತೀರ್ಥರೂಪರು ಕಲಿಸಿದ ಗಣಿತವನ್ನು ಬಿಡೆನೆಂಬ ನನ್ನ ಹಠವೂ ಒಂದೇ ತಾಯಿಯ ಹೊಟ್ಟೆಯಿಂದ ಬಂದವುಗಳಲ್ಲವೆ? ಅಮ್ಮ ಇದ್ದಾಗ ಒಳಗಿನಿಂದ ಒಂದು ಕೂಗು ಬರುತ್ತಿತ್ತು: "ಇಬ್ರೂ ಆಕಾಶ ನೋಡ್ಕೋತ ಕೂಡಬ್ಯಾಡ್ರೋ, ಸಾರು ಆರಿಹೋಗ್ತದ." ನಾವು ಜಗಳವನ್ನು ಅಲ್ಲಿಯೇ ಬಿಟ್ಟು ಎದ್ದುಹೋಗುತ್ತಿದ್ದೆವು. ಈಗ ಎಬ್ಬಿಸುವವರಿಲ್ಲ.

ಅಮ್ಮನ ತಿಥಿಗೆ ಬಾ ಎಂದು ಭಾದ್ರಪದದಲ್ಲಿ ನಿನಗೆ ಕಾಗದ ಬರೆದೆನಷ್ಟೆ. ಬರುತ್ತೇನೆಂದು ನೀನೂ ಒಂದು ಸಾಲು ಬರೆದೆ. ಆಶ್ವೀಜ ಬಹುಳ ನವಮಿ ಯಾವ ವಾರವೆಂದು ನಾನು ಬರೆಯಲಿಲ್ಲ, ನೀನು ಕೇಳಲಿಲ್ಲ. ಪಂಚಾಂಗ ಬರೆಯುವ ಮನೆಯಲ್ಲಿ ಹುಟ್ಟಿದವನಿಗೆ ತಿಥಿಯ ವಾರವನ್ನು ಬರೆದು ತಿಳಿಸುವುದು ಈಜುವವನಿಗೆ ನೀರು ತೋರಿಸಿದಂತೆ; ಅದು ನಿನಗೆ ಅವಮಾನವಾದೀತೆಂದು ಭಾವಿಸಿದೆ. ನನ್ನ ಗಣಿತದಂತೆ ಶ್ರಾದ್ಧಕ್ಕೆ ಬೇಕಾದ ಅಪರಾಹ್ಣಕ್ಕೆ ನವಮಿ ದೊರೆತದ್ದು ಶುಕ್ರವಾರ. ಹಿಂದಿನ ದಿನ ಬ್ರಾಹ್ಮಣರಿಗೆ ನಿಮಂತ್ರಣ ಕೊಡಲು ಮನೆಗೆ ಬೀಗ ಹಾಕಿಕೊಂಡು ಕಂಪ್ಲಿಗೆ ಹೋದೆ. ಶುಕ್ರವಾರ ಎಲೆ ಹಾಕಿಸಿ, ನಿನಗೂ ಒಂದು ದರ್ಭೆಯ ಪವಿತ್ರವನ್ನು ಮಾಡಿಟ್ಟು, ಅಪರಾಹ್ಣ ಮೀರುವವರೆಗೂ ದಾರಿ ನೋಡಿದೆ. ಬ್ರಾಹ್ಮಣರು ಹಸಿದು ಗೊಣಗಿದರು. ನೀನು ಬರಲಿಲ್ಲ. ಅಂದು ನಿನ್ನ ವಿಷಯದಲ್ಲಿ ನಾನೊಂದು ನಿರ್ಣಯಕ್ಕೆ ಬಂದೆ. ನೀನು ಹೋದಮೇಲೆ ಬಂದ ಕಾಗದಗಳು ಬೆರಳೆಣಿಕೆಯಷ್ಟು. ಆ ಕೆಲವೇ ಬಿಂದುಗಳನ್ನು ಕೂಡಿಸಿ ನಿನ್ನ ಮನಸ್ಸಿನ ಕಕ್ಷೆಯನ್ನು ಬರೆದುಬಿಟ್ಟೆ: ಇವನು ದೂರ ದೂರಕ್ಕೆ ಸರಿಯುತ್ತಿರುವವನು, ಮರಳುವವನಲ್ಲ. ಅಂದಿನಿಂದ ನಿನಗೆ ಕಾಗದ ಬರೆದಿರಲಿಲ್ಲ.

ಹೋದ ಶುಕ್ರವಾರ ಸಂಕ್ರಾಂತಿಯ ಸ್ನಾನಕ್ಕೆ ಚಕ್ರತೀರ್ಥಕ್ಕೆ ಇಳಿದಿದ್ದೆ. ಹರಿಗೋಲಿನ ಮುದುಕಪ್ಪನನ್ನು ನೀನು ಬಲ್ಲೆ. ದೀಪಾವಳಿಗೆ ಮೊದಲೇ ಮಗಳ ಊರಾದ ಬಂಡ್ರಿಗೆ ಹೋಗಿ ಜ್ವರದಲ್ಲಿ ಮಲಗಿದ್ದವನು ಆಗ ತಾನೇ ಮರಳಿದ್ದ. ಹರಿಗೋಲಿಗೆ ಎಣ್ಣೆ ಬಳಿಯುತ್ತಲೇ ಹೇಳಿದ:

"ಸ್ವಾಮೇರ, ನಿಮ್ಮ ತಮ್ಮಾರು ಭಾಳ ಬಡವಾಗ್ಯಾರ ಬಿಡ್ರಿ. ಅವತ್ತು ಬೇಸ್ತವಾರ ಬಂದಿದ್ರಲ್ಲ, ಮನಿಗೆ ಬೀಗ ಐತಿ ಅಂದ್ರು. ಕುಂದ್ರಿ, ಸಂಜಿಕ ಬರ್ತಾರ ಅಂದೆ. ಬ್ಯಾಡಪ್ಪ, ನಮ್ಮಣ್ಣನ ದಿನ ಬ್ಯಾರೆ, ನನ್ನ ದಿನ ಬ್ಯಾರೆ ಅಂದ್ರು. ಒಬ್ರ ನಿಂತು ಎಳ್ಳುನೀರು ಬಿಟ್ಟು ಹೋದ್ರು."

ವ್ಯಾಸರಾಜ, ನಾನು ಒದ್ದೆಯಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಆಕಾಶದ ಆ ಕಲ್ಲು ಹಾದುಹೋದದ್ದೂ ಅದೇ ವಾರ. ಅದು ಹತ್ತಿರ ಬಂದದ್ದು ಲೋಕಕ್ಕೆ ತಿಳಿದದ್ದು ಅದು ಹೋದಮೇಲೆ. ನೀನು ಬಂದದ್ದು ನನಗೆ ತಿಳಿದದ್ದೂ ಹಾಗೆಯೇ. ಅಷ್ಟು ದೂರದಿಂದ ಬಂದವನಿಗೆ ಅಮ್ಮನ ತಿಥಿಯ ದಿನ ಅಮ್ಮನ ಮನೆಯ ಬೀಗ ಎದುರಾಯಿತಲ್ಲ. ನಿನ್ನ ಮೇಲಿನ ಮುನಿಸಿನಿಂದ ಹಾಕಿದ ಬೀಗವಲ್ಲ ಅದು, ಪ್ರಾಣದೇವರ ಸನ್ನಿಧಿಯಲ್ಲಿ ನಿಂತು ಬೇಕಾದರೆ ಹೇಳುತ್ತೇನೆ. ನಿನ್ನ ನವಮಿ ಬೇರೆ ವಾರಕ್ಕೆ ಬಿದ್ದೀತೆಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಯಾರ ನವಮಿ ಸರಿಯೆಂಬುದನ್ನು ಇನ್ನು ಕೇಳಲಾರೆ. ತೀರ್ಥರೂಪರ ಗಣಿತವನ್ನು ಈ ವಯಸ್ಸಿನಲ್ಲಿ ಬಿಡಲಾರೆ. ನೀನೂ ನಿನ್ನದನ್ನು ಬಿಡಬೇಡ. ಆದರೆ ಕಳೆದುಹೋದ ಆ ಗ್ರಹವನ್ನು ಆಕಾಶದ ಚಿತ್ರ ಹಿಡಿದಿಟ್ಟ ಹಳೆಯ ಗಾಜಿನ ಫಲಕಗಳಲ್ಲಿ ಹುಡುಕುವವರಿದ್ದಾರೆಂದು ವಕೀಲರು ಹೇಳಿದರು. ಹಳೆಯದೊಂದು ಬಿಂದು ಸಿಕ್ಕರೂ ಪಥ ಸ್ಪಷ್ಟವಾದೀತಂತೆ. ಮುದುಕಪ್ಪನ ಮಾತು ನನಗೆ ಅಂಥ ಬಿಂದು. ಬರುವ ಬಹುಧಾನ್ಯ ಸಂವತ್ಸರದ ಆಶ್ವೀಜದಲ್ಲಿ ನಿನ್ನ ನವಮಿ ಯಾವ ವಾರವೆಂದು ಬರೆದು ತಿಳಿಸು. ನನ್ನದನ್ನೂ ನಾಚಿಕೆಯಿಲ್ಲದೆ ಬರೆಯುತ್ತೇನೆ. ಎರಡಕ್ಕೂ ಒಂದು ದಿನ ಮುಂಚಿನಿಂದ ಒಂದು ದಿನ ಅನಂತರದವರೆಗೆ ಈ ಮನೆಗೆ ಬೀಗ ಬೀಳದು. ನಿಮಂತ್ರಣವನ್ನು ಬೇರೆಯವರ ಕೈಯಲ್ಲಿ ಕಳುಹಿಸುತ್ತೇನೆ, ನಾನು ಹೊಸಪೇಟೆಯ ನಿಲ್ದಾಣದಲ್ಲಿರುತ್ತೇನೆ.

ಶ್ರೀಹರಿಯು ನಿನಗೆ ಆಯುರಾರೋಗ್ಯಗಳನ್ನು ಕೊಡಲಿ. ನಿನ್ನ ಮೇಲಧಿಕಾರಿಗಳಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಶ್ರೇಯಸ್ಸನ್ನೇ ಬಯಸುವ ಅಣ್ಣ,
ಪುರಂದರಾಚಾರ್ಯ

ಮರೆತ ಮಾತು: ಟಪ್ಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಲೇಖನಿಯ ಮುಳ್ಳು ಸವೆದಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿದೆ. ನಕ್ಷತ್ರಗಳು ಹೋಗಿ ಬಹಳ ಕಾಲವಾಯಿತು, ಈಗ ಮುಖಗಳೂ ತಿಳಿಯವು. ರೈಲಿನಿಂದ ಇಳಿದ ಮೇಲೆ ನೀನು ನನ್ನೆದುರಿಗೇ ಹಾದುಹೋದರೂ ನಾನು ಅರಿಯೆ. ಅಣ್ಣ ನೋಡಿಯೂ ಮಾತನಾಡಿಸಲಿಲ್ಲವೆಂದು ಮತ್ತೆ ಹೊರಟುಹೋಗಬೇಡ. ಇಳಿದೊಡನೆ ಒಂದು ಸಲ ಗಟ್ಟಿಯಾಗಿ ಅಣ್ಣಾ ಎಂದು ಕೂಗು. ಕಿವಿ ಚೆನ್ನಾಗಿದೆ.