ಆ ತುದಿ ಹಿಡ್ಕೋ

ಎರಡನೇ ತಾರೀಕು, ಭಾನುವಾರ

ನನ್ನ ಮುದ್ದು ನಾನೇಶ್ವರಿಗೆ,

ಈ ಹೆಸರು ಓದಿ ಮೂತಿ ಉಬ್ಬಿಸಿಕೊಂಡಿರುತ್ತೀಯ, ಗೊತ್ತು. ಇಟ್ಟವಳು ನಾನಲ್ಲ, ನಮ್ಮ ಇಸ್ತ್ರಿ ಅಂಗಡಿಯ ಪಕ್ಕದ ಗಡಿಯಾರ ರಿಪೇರಿ ಮಾವ. ಮೂರು ವರ್ಷದವಳಿದ್ದಾಗ ನಿನ್ನ ಬಾಯಲ್ಲಿ ಇದ್ದದ್ದು ಒಂದೇ ಮಾತು: "ನಾನೇ!" ಚಪ್ಪಲಿ ಹಾಕಲು ಬಂದರೆ ನಾನೇ, ತಲೆ ಬಾಚಲು ಬಂದರೆ ನಾನೇ. ಎಡಗಾಲಿನದ್ದನ್ನು ಬಲಗಾಲಿಗೆ ಹಾಕಿಕೊಂಡು ಮಹಾರಾಣಿಯ ಹಾಗೆ ಬೀದಿಗೆ ಇಳಿಯುತ್ತಿದ್ದೆ.

ನಿಮ್ಮಪ್ಪ ತೀರಿಕೊಂಡ ಮೇಲೆ ಆ ಮಾತನ್ನು ನಾನೂ ಕಲಿತೆ. ಅಂಗಡಿ ಮಾರಿಬಿಡಿ ಎಂದ ನಿನ್ನ ಚಿಕ್ಕಪ್ಪನಿಗೆ, ನಾನೇ ನಡೆಸ್ತೀನಿ ಎಂದೆ. ನೀನು ಹೇಳಿದರೆ ಅದಕ್ಕೆ ನನ್ನನ್ನು ನೋಡು ಎಂದು ಅರ್ಥ. ನಾನು ಹೇಳಿದಾಗ, ಯಾರೂ ನನ್ನ ಮುಖ ನೋಡಬೇಡಿ ಎಂದು.

ಮೊನ್ನೆ ಫೋನಿನಲ್ಲಿ ಮತ್ತೆ ಅದೇ ಮಾತು. ಪಿತ್ತಕೋಶದ ಕಲ್ಲಿಗೆ ಹದಿನೈದಕ್ಕೆ ಆಪರೇಷನ್ ಅಂತೆ, ನಾನು ಬರಬಾರದಂತೆ, ನೀನೇ ಎಲ್ಲ ನೋಡಿಕೊಳ್ಳುತ್ತೀಯಂತೆ. ಅಲ್ಲ ಕಣೇ, ಮತ್ತಿನ ಮದ್ದು ಕೊಟ್ಟು ಮಲಗಿಸಿದ ಮೇಲೆ ಅದೇನು ನೋಡಿಕೊಳ್ಳುತ್ತೀಯ? ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ಬಾಯಿ ಮುಚ್ಚಿಸುತ್ತೀಯ, ಅದಕ್ಕೇ ಈ ಕಾಗದ.

ಅಂಗಡಿಗೆ ಇಸ್ತ್ರಿಗೆ ಬರುವ ಲಾಡ್ಜಿನ ದೊಡ್ಡ ಬೆಡ್‌ಶೀಟುಗಳು ನೆನಪಿವೆಯಾ? ಇಬ್ಬರು ಎದುರುಬದುರು ನಿಂತು, ಎಳೆದು, ಕೊಡವಿ, ಒಬ್ಬರತ್ತ ಒಬ್ಬರು ನಡೆದು ಬಂದು ಮೂಲೆ ಕೂಡಿಸಬೇಕು. ಒಂದು ದಿನ ನೀನು ನಾನೇ ಮಡಚ್ತೀನಿ ಎಂದು ಹಟ ಹಿಡಿದೆ. ಶೀಟನ್ನು ಮೈಗೆಲ್ಲ ಸುತ್ತಿಕೊಂಡು, ದೊಪ್ಪನೆ ಬಿದ್ದು, ಒಳಗಿಂದಲೇ ಅಳತೊಡಗಿದೆ. ಬಿಡಿಸಲು ಬಂದರೆ ಮುಟ್ಟಗೊಡಲಿಲ್ಲ. ಆಮೇಲೆ ತಲೆ ಹೊರಗೆ ಹಾಕಿ, ಒಗೆದಿಟ್ಟ ಆ ಶೀಟಿಗೇ ಮೂಗು ಒರೆಸಿ ಹೇಳಿದೆ: "ನಾನೇ ಮಡಚ್ತೀನಿ. ನೀನು ಸುಮ್ನೆ ಆ ತುದಿ ಹಿಡ್ಕೋ."

ಗಡಿಯಾರ ಮಾವ ಕೆಲಸ ಬಿಟ್ಟು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಾನೂ ನಕ್ಕೆ. ನಗುತ್ತಲೇ ಆ ತುದಿ ಹಿಡಿದೆ. ಎಷ್ಟು ಒಳ್ಳೆಯ ದಿನಗಳು ಮಗಳೇ ಅವು!

ಈಗಲೂ ಹಾಗೇ ಮಾಡೋಣ. ಡಾಕ್ಟರ ಹತ್ತಿರ ನೀನೇ ಮಾತಾಡು, ಸಹಿ ನೀನೇ ಹಾಕು, ಧೈರ್ಯವೂ ನಿನ್ನದೇ ಇರಲಿ. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ, ಅಷ್ಟೇ. ಹದಿನಾಲ್ಕಕ್ಕೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬೇಡ ಎನ್ನಬೇಡ.

ನಿನ್ನ ಹಟವನ್ನೆಲ್ಲ ನಿನಗೆ ಕೊಟ್ಟವಳು,
ಅಮ್ಮ

ಹೇಳಲು ಮರೆತೆ: ನೀನು ಊರು ಬಿಟ್ಟ ಮೇಲೆ, ಶೀಟಿನ ಆ ತುದಿ ಯಾರು ಹಿಡಿದುಕೊಳ್ಳುತ್ತಾರೆ ಎಂದು ನೀನು ಕೇಳಿದಾಗಲೆಲ್ಲ ನಾನೇ ಮಡಚುತ್ತೇನೆ ಎನ್ನುತ್ತಿದ್ದೆನಲ್ಲ, ಅದು ಸುಳ್ಳಲ್ಲ. ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಕಟ್ಟುತ್ತೇನೆ. ಚೆನ್ನಾಗಿಯೇ ಹಿಡಿದುಕೊಳ್ಳುತ್ತದೆ. ಆದರೆ ಕಿಟಕಿ ನನ್ನ ಕಡೆಗೆ ನಡೆದು ಬರುವುದಿಲ್ಲ.