ಮಂಗಳವಾರದ ಲಸಿಕೆ

ಸೋಮವಾರ, ಮಾರ್ಚ್ ೯

ಮುದ್ದಿನ ಪುಟ್ಟೀ,

ನೀನು, ಅಳಿಯಂದಿರು, ನಮ್ಮ ಬುಗುರಿ, ಮೂವರೂ ಚೆನ್ನಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಏಳು ತಿಂಗಳು ಸುಮ್ಮನಿದ್ದು ಈಗ ಕಾಗದ ಬರೆಯುತ್ತಿದ್ದಾಳಲ್ಲ ಇವಳು ಎಂದು ಬೈದುಕೋ, ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೇನೆ. ನೀನು ಫೋನ್ ಎತ್ತಲಿಲ್ಲ. ನಾನು ಮೂರು ಸಲ ಮಾಡಿ, ‘ಮಗಳಿಗೇ ಇಷ್ಟು ಹಟ ಇದ್ದರೆ ಹೆತ್ತವಳಿಗೆ ಎಷ್ಟಿರಬೇಡ’ ಎಂದು ಬಿಟ್ಟುಬಿಟ್ಟೆ. ತಪ್ಪು ನನ್ನದೇ. ದೊಡ್ಡವಳು ನಾನು, ನಾಲ್ಕನೇ ಸಲವೂ ಮಾಡಬೇಕಿತ್ತು.

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಿಮ್ಮಪ್ಪನೇ ತರುತ್ತಾರೆ. ಮಂಡಿ ನೋವು, ಮೂರು ಗಂಟೆ ಕೂರೋಕಾಗಲ್ಲ ನಿಮಗೆ ಅಂದೆ. ‘ನಿಂತ್ಕೊಂಡೇ ಹೋಗ್ತೀನಿ ಬಿಡು’ ಅಂದರು. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಾರೆ, ನಗಬೇಡ. ಇಡೀ ದಿನ ಡಬ್ಬಿಯಲ್ಲಿಟ್ಟು ಊಟದ ಹೊತ್ತಿಗೆ ಹುಡುಕುತ್ತಾರೆ. ಅವರಿಗೆ ಕೂರಲು ಕುರ್ಚಿ ಕೊಡು, ಬಿಸಿನೀರು ಕೊಡು. ನನ್ನ ಮೇಲಿನ ಕೋಪ ಅವರ ಮೇಲೆ ತೀರಿಸಬೇಡ.

ಸುತ್ತಿ ಬಳಸಿ ಏಕೆ ಹೇಳಲಿ. ಬುಗುರಿಗೆ ಒಂಬತ್ತು ತಿಂಗಳಿಗೆ ಹಾಕಿಸಬೇಕಿದ್ದ ದಡಾರದ ಲಸಿಕೆ ಹಾಕಿಸಿಲ್ಲ ಎಂದು ಅಳಿಯಂದಿರು ನಿಮ್ಮಪ್ಪನಿಗೆ ಕದ್ದು ಫೋನ್ ಮಾಡಿ ಹೇಳಿದ್ದಾರೆ. ಅವರನ್ನು ಬಯ್ಯಬೇಡ, ಅವರೂ ಹೆದರಿದ್ದಾರೆ. ಮಗುವಿಗೆ ಈಗ ಹನ್ನೊಂದು ನಡೆಯುತ್ತಿದೆ. ಇಲ್ಲಿ ನಮ್ಮ ಗಿರಣಿ ಓಣಿಗಳಲ್ಲಿ ದಡಾರ ಎದ್ದು ತಿಂಗಳಾಯಿತು. ನಿಮ್ಮೂರಿನ ಆಸ್ಪತ್ರೆಗೂ ಹೋದ ವಾರ ಎರಡು ಮಕ್ಕಳು ಸೇರಿವೆಯಂತೆ. ಇದು ಯಾವುದೋ ದೂರದ ಸುದ್ದಿಯಲ್ಲ ಕಣೇ, ನಿನ್ನ ಹೊಸಿಲಿಗೆ ಬಂದು ನಿಂತಿದೆ.

ಮೊದಲು ಬಂದಿದ್ದು ಕಂಡಕ್ಟರ್ ಮನೆಯ ಹುಡುಗನಿಗೆ. ಮೂಗು ಸೋರುತ್ತಿತ್ತು, ಕಣ್ಣು ಕೆಂಪಾಗಿತ್ತು, ನೆಗಡಿ ಎಂದುಕೊಂಡು ಎಲ್ಲ ಮಕ್ಕಳ ಜೊತೆ ಆಡಲು ಬಿಟ್ಟಿದ್ದರು. ಐದನೇ ದಿನ ಕಿವಿಯ ಹಿಂದಿನಿಂದ ಗುಳ್ಳೆ ಇಳಿಯಿತು. ಆಮೇಲೆ ಹಿಂದಿನ ಓಣಿಯಲ್ಲಿ ಇಬ್ಬರು, ನಲ್ಲಿಯ ಹತ್ತಿರದ ವಠಾರದಲ್ಲಿ ಒಂದೇ ಸಲ ಆರು. ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಎರಡೆರಡು ಮಕ್ಕಳು. ಆ ಕೆಮ್ಮು ಕೇಳಲಾಗುವುದಿಲ್ಲ.

ಆರೋಗ್ಯ ಕೇಂದ್ರದಲ್ಲಿ ನನ್ನ ಲಸಿಕೆ ಕೊಠಡಿ ನಿನಗೆ ನೆನಪಿದೆಯಲ್ಲ. ನೀನು ಶಾಲೆ ಬಿಟ್ಟ ಕೂಡಲೇ ಅಲ್ಲಿಗೇ ಬಂದು ತೂಕದ ಯಂತ್ರದ ಮೇಲೆ ಹತ್ತಿ ಇಳಿದು ಮಾಡುತ್ತಿದ್ದೆ. ಆಗ ಮಂಗಳವಾರ ಬಂತೆಂದರೆ ಗೇಟಿನ ತನಕ ಸಾಲು. ಒಂದು ಮಗು ಅತ್ತರೆ ಇಪ್ಪತ್ತು ಮಕ್ಕಳು ರಾಗ ಎಳೆಯುತ್ತಿದ್ದವು. ನನಗೆ ನೀರು ಕುಡಿಯಲೂ ಪುರುಸೊತ್ತಿರುತ್ತಿರಲಿಲ್ಲ, ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಅದೇ ಗಲಾಟೆಗಾಗಿ ಜೀವ ಬಿಡುತ್ತಿದ್ದೇನೆ. ಹೋದ ವರ್ಷ ಹತ್ತು ಮಕ್ಕಳು ಬರುತ್ತಿದ್ದವು, ಆಮೇಲೆ ಐದು, ಆಮೇಲೆ ಎರಡು. ಮಂಜುಗಡ್ಡೆಯ ಪೆಟ್ಟಿಗೆ ಮೇಜಿನ ಮೇಲಿಟ್ಟು, ಹತ್ತಿ ಹರಿದಿಟ್ಟುಕೊಂಡು, ಬಾಗಿಲ ಕಡೆ ನೋಡುತ್ತ ಕೂರುವುದೇ ಕೆಲಸವಾಯಿತು.

ಮನೆಮನೆಗೆ ಹೋದೆ. ಯಾರೂ ಜಗಳಕ್ಕೆ ಬರುವುದಿಲ್ಲ ಪುಟ್ಟೀ, ಅದೇ ಸಂಕಟ. ಬಯ್ದರೆ ತಿರುಗಿ ಬಯ್ಯಬಹುದು. ‘ಅಯ್ಯೋ ಬನ್ನಿ ಸಿಸ್ಟರ್, ಕೂತ್ಕೊಳ್ಳಿ. ನಾಳೆ ಕರ್ಕೊಂಡ್ ಬರ್ತೀವಿ’ ಎನ್ನುತ್ತಾರೆ. ಆ ನಾಳೆ ಬರುವುದೇ ಇಲ್ಲ. ಮುಂದಿನ ಸಲ ಹೋದರೆ ಹೊರಗಿನಿಂದ ಬೀಗ. ಒಳಗೆ ಟಿವಿ ಹಾಡುತ್ತಿರುತ್ತದೆ! ಒಂದು ಮನೆಯ ಮುಂದೆ ನಿಂತು, ‘ಟಿವಿಯವ್ರೇ, ನಿಮ್ಮನೇಲಿ ಮಗು ಇದ್ರೆ ಕಳ್ಸಿ’ ಎಂದು ಕೂಗಿದೆ. ಒಳಗೆ ಯಾರೋ ಕಿಸಕ್ಕೆಂದರು. ಬಾಗಿಲು ಮಾತ್ರ ತೆಗೆಯಲಿಲ್ಲ.

ಮೂಲೆಯ ದರ್ಜಿ ಇದ್ದಾನಲ್ಲ, ನಿನ್ನ ಶಾಲೆಯ ಲಂಗ ಹೊಲಿಯುತ್ತಿದ್ದವನ ಮಗ, ಅವನ ಫೋನಿನಲ್ಲಿ ಒಂದು ವಿಡಿಯೋ ಇದೆ. ಯಾವ ದೇಶದ್ದೋ, ಯಾವ ಮಗುವೋ. ಬಟ್ಟೆ ಕೊಡಲು ಬಂದವರಿಗೆಲ್ಲ ತೋರಿಸುತ್ತಾನೆ. ‘ಈ ಸೂಜಿಯಿಂದ ಮಕ್ಳು ಬೆಳೆಯಲ್ವಂತೆ, ಮುಂದೆ ಮಕ್ಳೂ ಆಗಲ್ವಂತೆ’ ಎನ್ನುತ್ತಾನೆ. ನಾನು ಅಂಗಡಿಗೇ ಹೋಗಿ, ‘ಲೋ, ನಿಂಗೆ ಚಿಕ್ಕೋನಿದ್ದಾಗ ಚುಚ್ಚಿದ್ದು ನಾನೇ ಅಲ್ವೇನೋ? ಮೂರು ಮಕ್ಕಳ ಅಪ್ಪ ಆಗಿಲ್ವಾ ನೀನು?’ ಎಂದೆ. ಸುತ್ತಲಿದ್ದವರು ನಕ್ಕರು. ಅವನಿಗೆ ಮುಖ ಕೆಂಪಾಯಿತು. ಟೇಪು ಕೊರಳಿಗೆ ಹಾಕಿಕೊಂಡು ನಿಧಾನವಾಗಿ ಕೇಳಿದ: ‘ಅದೆಲ್ಲ ಇರ್ಲಿ ಸಿಸ್ಟರ್. ನಿಮ್ಮ ಮೊಮ್ಮಗಳಿಗೆ ಹಾಕ್ಸಿದ್ರಾ?’

‘ಹೂಂ, ಹಾಕಿಸಿದ್ದಾಳೆ ಮಗಳು’ ಎಂದೆ. ಮೂವತ್ತೊಂದು ವರ್ಷದ ಕೆಲಸದಲ್ಲಿ ಓಣಿಯಲ್ಲಿ ನಿಂತು ಹೇಳಿದ ಮೊದಲ ಸುಳ್ಳು ಅದು. ಹಾಲಿನವಳು ಪಕ್ಕದಲ್ಲೇ ಇದ್ದಳು. ‘ಆವತ್ತು ಮಗಳು ಅಳ್ತಾ ಆಟೋ ಹತ್ತಿದ್ದನ್ನ ನಾವೇನು ನೋಡಿಲ್ವಾ ಅಕ್ಕಾ?’ ಎಂದಳು. ಅವಳು ಚುಚ್ಚಿ ಮಾತಾಡುವವಳಲ್ಲ, ಪಾಪ, ನೋಡಿದ್ದನ್ನು ಹೇಳಿದಳು. ಅಲ್ಲಿಂದ ಹೇಗೆ ಬಂದೆನೋ ಗೊತ್ತಿಲ್ಲ.

ಆವತ್ತಿನ ವಿಷಯ ಈಗಲಾದರೂ ಮಾತಾಡೋಣ. ಮೂರೂವರೆ ತಿಂಗಳ ಕೂಸಿಗೆ ನಾನೇ ಚುಚ್ಚಿದೆ. ಸಂಜೆ ಜ್ವರ ಏರಿತು, ಕೂಸು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು. ಎರಡು ನಿಮಿಷ ಇದ್ದಿರಬೇಕು. ನಿನ್ನ ಕೂಗಿಗೆ ಅಕ್ಕಪಕ್ಕದವರು ಬಂದರು. ನಾನು ಮಗುವನ್ನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡು, ‘ಏನೂ ಆಗಲ್ಲ, ಇದೆಲ್ಲ ಮಾಮೂಲು’ ಎಂದೆ. ‘ಮಾಮೂಲು? ನನ್ನ ಮಗೂಗೆ ಹೀಗಾಗಿದೆ, ನಿಂಗೆ ಮಾಮೂಲಾ?’ ಎಂದು ನೀನು ಕಿತ್ತುಕೊಂಡೆ. ಆ ಮಾತು ಆಡಬಾರದಿತ್ತು. ನಾನು ನರ್ಸಾಗಿ ಆಡಿದೆ, ನಿನಗೆ ಆಗ ಬೇಕಿದ್ದದ್ದು ಅಮ್ಮ. ನಿಜ ಹೇಳಲಾ? ನಾನೂ ಹೆದರಿದ್ದೆ. ಗೋಡೆಗೆ ಒರಗಿ ನಿಂತಿದ್ದೆ, ನೀನು ನೋಡಲಿಲ್ಲ.

‘ಇಷ್ಟು ಮಕ್ಕಳಿಗೆ ಚುಚ್ಚಿದೀಯಲ್ಲ, ಒಂದಕ್ಕೂ ಏನೂ ಆಗಿಲ್ವಾ?’ ಎಂದು ನೀನು ಕೇಳಿದ್ದೆ. ಈಗ ಹೇಳುತ್ತೇನೆ. ಆಗಿದೆ. ಜ್ವರ ಬಂದಿದೆ, ತೊಡೆ ಊದಿದೆ, ಒಬ್ಬನಿಗೆ ಕೀವಾಗಿ ಕೊಯ್ಯಬೇಕಾಯಿತು. ಜ್ವರದ ಫಿಟ್ಸು ಬುಗುರಿಗಿಂತ ಮುಂಚೆ ಎರಡು ಮಕ್ಕಳಲ್ಲಿ ಕಂಡಿದ್ದೆ. ಆ ಇಬ್ಬರೂ ಈಗ ಶಾಲೆಗೆ ಹೋಗುತ್ತಿದ್ದಾರೆ. ದಡಾರದ ಲಸಿಕೆಗೂ ಏಳೆಂಟು ದಿನ ಬಿಟ್ಟು ಜ್ವರ ಬರಬಹುದು, ಮುಚ್ಚಿಡುವುದಿಲ್ಲ. ಮಕ್ಕಳ ಡಾಕ್ಟರಿಗೆ ಫಿಟ್ಸಿನ ವಿಷಯ ಮೊದಲೇ ಹೇಳು, ಜ್ವರದ ಔಷಧಿ ಎಷ್ಟು ಕೊಡಬೇಕೆಂದು ಕೇಳಿ ಬರೆಸಿಕೋ. ಆವತ್ತು ನೋಡಿದ ಡಾಕ್ಟರೂ ಮುಂದಿನ ಲಸಿಕೆ ನಿಲ್ಲಿಸಬೇಕಿಲ್ಲ ಎಂದೇ ಹೇಳಿದ್ದರು. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇಡ, ಅವರನ್ನು ನಂಬು.

ಈಗ ಬರೆಯಲಾರದ್ದನ್ನು ಬರೆಯಬೇಕು. ಗಿರಣಿ ಗೇಟಿನ ಎದುರು ಇಸ್ತ್ರಿ ಅಂಗಡಿಯವಳು ಇದ್ದಾಳೆ, ನಿನಗಿಂತ ಎರಡು ವರ್ಷ ಚಿಕ್ಕವಳು. ಅವಳ ಹತ್ತು ತಿಂಗಳ ಗಂಡುಮಗು ಗುರುವಾರ ಹೋಯಿತು. ದಡಾರ ಎದೆಗೆ ಇಳಿದಿತ್ತು. ಮೂರು ದಿನ ಉಸಿರಿಗೆ ಒದ್ದಾಡಿತು.

ಶುಕ್ರವಾರ ಹೋಗಿದ್ದೆ. ಒಂದೇ ಕೋಣೆಯ ಮನೆ. ಮಡಿಸಿದ ಅಂಗಿಗಳು ಗೋಡೆಯ ಉದ್ದಕ್ಕೂ ಹಾಗೇ ಇದ್ದವು, ಯಾರ್ಯಾರವೋ, ಕೊಡದೆ ಉಳಿದವು. ಅವಳು ಅವುಗಳ ನಡುವೆ ಕೂತಿದ್ದಳು. ಬಂದವರೆಲ್ಲರದೂ ಒಂದೇ ಮಾತು: ‘ಸೂಜಿ ಹಾಕ್ಸಿದ್ರೆ ಉಳ್ಕೊಳ್ತಿತ್ತು.’ ದರ್ಜಿಯೂ ಬಂದಿದ್ದ. ಕೇಳು ಇವನ ಬಾಯಿ! ‘ಸಿಸ್ಟರ್ ಅಷ್ಟು ಬಡ್ಕೊಂಡ್ರು, ನೀನು ಕೇಳ್ಬೇಕಿತ್ತು ಕಣಮ್ಮಾ’ ಎಂದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಕೈ ಏಳಲಿಲ್ಲ. ಅವಳು ಒಂದು ಅಂಗಿಯ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು.

ಶನಿವಾರ ವಿಶೇಷ ಲಸಿಕೆ ಶಿಬಿರ ಇಟ್ಟೆವು. ಮೂವತ್ತಾರು ಮಕ್ಕಳು! ಬೀಗ ಹಾಕಿಕೊಂಡ ಟಿವಿ ಮನೆಯವರೂ ಬಂದರು, ದರ್ಜಿ ತನ್ನ ಕೊನೆಯವಳನ್ನು ಹೊತ್ತುಕೊಂಡು ಸಾಲಿನಲ್ಲಿ ನಿಂತ. ಹಳೆಯ ಗಲಾಟೆ, ಹಳೆಯ ಅಳು. ಖುಷಿಯಾಗಬೇಕಿತ್ತಲ್ಲವೇ? ಚುಚ್ಚುತ್ತ ಚುಚ್ಚುತ್ತ ಕಣ್ಣು ಮಂಜಾಗಿ, ಜೊತೆಯವಳು ನನ್ನನ್ನು ಎಬ್ಬಿಸಿ ಹಿಂದಿನ ಕೋಣೆಯಲ್ಲಿ ಕೂರಿಸಿದಳು.

ಪುಟ್ಟೀ, ಕೈ ಮುಗಿಯುತ್ತೇನೆ. ಅಮ್ಮನಾಗಿ ಆಜ್ಞೆ ಮಾಡುವ ಮುಖ ನನಗಿಲ್ಲ. ನನ್ನ ಜೊತೆ ಜನ್ಮವಿಡೀ ಮಾತು ಬಿಡು, ನಾನು ಸತ್ತ ಸುದ್ದಿಗೂ ಬರಬೇಡ, ಆದರೆ ಬುಗುರಿಗೆ ಈ ಲಸಿಕೆ ಹಾಕಿಸು. ನಿಮ್ಮಪ್ಪ ಬಂದವರು ಜೊತೆಗೆ ಬರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ. ಹೆದರಿಕೆಯಾದರೆ ಹೆದರಿಕೊಂಡೇ ಹಾಕಿಸು.

ನಿನ್ನ ಮಡಿಲು ತಣ್ಣಗಿರಲಿ, ಕೂಸು ನೂರು ವರ್ಷ ಬಾಳಲಿ. ಅವಳ ಅಂಗಾಲಿಗೆ ನನ್ನ ಮುತ್ತು. ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು.

ನಿನ್ನ
ಅಮ್ಮ

ಮತ್ತೆ: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ತಿರುಗಿ ತೆಗೆದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಇದನ್ನು ಬಿಟ್ಟರೆ ಎಲ್ಲವೂ ಸುಳ್ಳೇ. ನಿಮ್ಮಪ್ಪನಿಗೂ ಗೊತ್ತಿಲ್ಲ.

ಇಸ್ತ್ರಿಯವಳು ಬಂದಿದ್ದಳು. ಐದು ವಾರದ ಹಿಂದಿನ ಮಂಗಳವಾರ, ಅಂಗಡಿ ಮುಚ್ಚಿ, ಅತ್ತೆಯ ಕೈಲಿ ಬೈಸಿಕೊಂಡು, ಮಗುವನ್ನು ಎತ್ತಿಕೊಂಡು ಬಂದಿದ್ದಳು. ಆವತ್ತು ಬಂದವಳು ಅವಳೊಬ್ಬಳೇ. ದಡಾರದ ಒಂದು ಶೀಷೆಯಲ್ಲಿ ಐದು ಮಕ್ಕಳಿಗಾಗುವಷ್ಟು ಇರುತ್ತದೆ. ಒಡೆದು ಕಲಸಿದರೆ ನಾಲ್ಕೇ ಗಂಟೆ, ಆಮೇಲೆ ಉಳಿದದ್ದನ್ನು ಚೆಲ್ಲಬೇಕು. ಒಂದೇ ಮಗು ಬಂದರೂ ಒಡೆಯಿರಿ ಎಂದೇ ನಿಯಮ. ಆದರೆ ಅದರ ಹಿಂದಿನ ತಿಂಗಳ ಮೀಟಿಂಗಿನಲ್ಲಿ ನಮ್ಮ ಆರೋಗ್ಯಾಧಿಕಾರಿ ಸಾಹೇಬರು ನನ್ನನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, ‘ಮಕ್ಕಳಿಗಿಂತ ಚರಂಡಿಗೇ ಹೆಚ್ಚು ಹಾಕ್ತೀರಲ್ಲಮ್ಮಾ’ ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆ ನಗು ನನ್ನ ಕಿವಿಯಲ್ಲಿತ್ತು. ಹನ್ನೆರಡರವರೆಗೆ ಕಾದೆ, ಇನ್ನೊಂದು ಮಗು ಬರಲಿಲ್ಲ. ‘ಮುಂದಿನ ವಾರ ಬಾಮ್ಮಾ, ಇನ್ನೂ ನಾಲ್ಕು ಮಕ್ಕಳು ಸೇರಲಿ’ ಎಂದೆ.

‘ಇವತ್ತೇ ಆಗಲ್ವಾ ಅಕ್ಕಾ?’ ಎಂದಳು. ‘ಆಗಲ್ಲ’ ಎಂದೆ. ಶೀಷೆ ಪೆಟ್ಟಿಗೆಯಲ್ಲೇ ಇತ್ತು.

ಮುಂದಿನ ವಾರ ಅವಳನ್ನು ಅತ್ತೆ ಬಿಡಲಿಲ್ಲ, ಸೂಜಿ ಹಾಕುವವರಿಗೇ ಬೇಡವಾದದ್ದು ನಮಗ್ಯಾಕೆ ಎಂದರಂತೆ. ಎರಡು ಮಂಗಳವಾರ ನೋಡಿದೆ, ಮನೆಗೆ ಹೋಗಿ ಕರೆಯಲಿಲ್ಲ. ತಿಂಗಳ ಕೊನೆಗೆ, ಬಾರದ ಮಕ್ಕಳ ಪಟ್ಟಿಯಲ್ಲಿ ಕಾರಣ ಬರೆಯಬೇಕು. ಎಲ್ಲರ ಹೆಸರಿನ ಮುಂದೆ ಬರೆಯುತ್ತ ಹೋದ ಹಾಗೆ ಆ ಮಗುವಿನ ಹೆಸರಿನ ಮುಂದೆಯೂ ‘ತಾಯಿ ನಿರಾಕರಿಸಿದ್ದಾರೆ’ ಎಂದು ಬರೆದೆ. ಶನಿವಾರ ಸಾಹೇಬರು ಬಂದು ಅದನ್ನು ಗಟ್ಟಿಯಾಗಿ ಓದಿ, ‘ಇಂಥ ತಾಯಂದಿರಿಗೆ ಏನ್ ಹೇಳೋಣ’ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ತುಟಿ ಬಿಚ್ಚಲಿಲ್ಲ.

ಅವಳೂ ಯಾರಿಗೂ ಹೇಳಿಲ್ಲ. ಶುಕ್ರವಾರ ನಾನು ಏಳುವಾಗ ನನ್ನ ಕೈ ಹಿಡಿದುಕೊಂಡು, ‘ನೀವು ಮುಂದಿನ ವಾರ ಬಾ ಅಂದಿದ್ರಿ ಅಕ್ಕಾ, ನಾನೇ ಬರ್ಲಿಲ್ಲ’ ಎಂದು ನನ್ನ ಹತ್ತಿರ ಕ್ಷಮೆ ಕೇಳಿದಳು. ನನ್ನ ಹತ್ತಿರ! ನಾನು ಅವಳ ತಲೆ ಸವರಿ ಎದ್ದು ಬಂದೆ. ನಾಳೆ ಸಾಹೇಬರಿಗೂ ಅವಳಿಗೂ ನಿಜ ಹೇಳಬೇಕು. ಹೇಳುತ್ತೇನೆಂದು ನಿನಗೆ ಮಾತು ಕೊಡುವಷ್ಟು ಧೈರ್ಯ ನನ್ನಲ್ಲಿದೆಯೋ ಇಲ್ಲವೋ, ದೇವರಾಣೆ ಗೊತ್ತಿಲ್ಲ.

ನೀನು ನನ್ನ ಹತ್ತಿರ ಬರಬೇಡ, ನಿಮ್ಮೂರಿನ ಆಸ್ಪತ್ರೆಗೇ ಹೋಗು. ಆದರೆ ಕೇಳಿಸಿಕೋ. ಅಲ್ಲೂ ನನ್ನಂಥವಳೇ ಒಬ್ಬಳು ಕೂತಿರುತ್ತಾಳೆ. ನೀನೊಬ್ಬಳೇ ಬಂದಿದ್ದೀಯ, ಮುಂದಿನ ವಾರ ಬಾ ಎಂದರೆ ಎದ್ದು ಬರಬೇಡ. ಬಾಗಿಲಲ್ಲೇ ಕೂತುಕೋ, ಕೂಗು, ಜಗಳ ಮಾಡು. ನನ್ನ ಮೇಲೆ ಕೂಗಿದ ಹಾಗೆ ಅವಳ ಮೇಲೆ ಕೂಗು. ಅವಳು ಶೀಷೆ ಒಡೆಯುವವರೆಗೆ ಮನೆಗೆ ಹೋಗಬೇಡ ಮಗಳೇ.